ಆ ಕೋಣೆಯಲ್ಲಿ ಇದ್ದದ್ದು ಇಬ್ಬರೇ

ಮ್ಯಾನೇಜ್‌ಮೆಂಟ್ ಓದಲು ಬರುವ ಮಕ್ಕಳಿಗೆ ಒಂದು ಕಾಯಿಲೆ ಇರುತ್ತದೆ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿದ್ದನ್ನೆಲ್ಲ ನಂಬಿಬಿಡುತ್ತಾರೆ. ಪಕ್ಕದಲ್ಲಿ ಮೇಲಕ್ಕೆ ಹೋಗುವ ಒಂದು ಬಾಣದ ಗುರುತನ್ನೂ ಹಾಕಿಬಿಟ್ಟರೆ ಮುಗಿಯಿತು, ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ನಾನು ಅವರಿಗೆ ಸಂಖ್ಯಾಶಾಸ್ತ್ರ ಕಲಿಸುವವಳು. ಸರಾಸರಿ ಎಂಬುದು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಎಂದು ಗಂಟಲು ಹರಿದುಕೊಂಡು ಹೇಳಿದರೆ ಅದನ್ನೂ ಬರೆದುಕೊಂಡು, "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳುತ್ತಾರೆ.

ಈ ಕಾಯಿಲೆಗೆ ಮದ್ದೆಂದು ನಾನು ಹೂಡಿದ ಆಟವೇ ಶುಕ್ರವಾರದ ಸೆಮಿನಾರ್. ನಮ್ಮ ಕಾಲೇಜಿನ ಅಧ್ಯಾಪಕರು ತಾವು ಮಾಡುತ್ತಿರುವ, ಇನ್ನೂ ಮುಗಿಯದ ಸಂಶೋಧನೆಯನ್ನು ಮಕ್ಕಳ ಮುಂದೆ ತಂದಿಡಬೇಕು. ಮಕ್ಕಳು ಅದರಲ್ಲಿ ಹುಳುಕು ಹುಡುಕಬೇಕು. ಅಚ್ಚಾಗಿ ಬಂದ ಪ್ರಬಂಧ ಕಂಡರೆ ಮಕ್ಕಳು ಕೈಮುಗಿಯುತ್ತಾರೆ; ಅರೆಬೆಂದದ್ದನ್ನು ಕಂಡಾಗಲೇ, "ಅಯ್ಯೋ, ಇವರಿಗೂ ಪೂರ್ತಿ ಗೊತ್ತಿಲ್ಲ" ಎಂಬ ಧೈರ್ಯ ಹುಟ್ಟುವುದು. ಮೊದಮೊದಲು ಸಹೋದ್ಯೋಗಿಗಳು ಮೂಗು ಮುರಿದರು. "ಹುಡುಗ್ರ ಮುಂದೆ ನಮ್ಮ ಮಾನ ಹರಾಜು ಹಾಕ್ತೀರೇನ್ರೀ?" ಎಂದು ಹಣಕಾಸು ಕಲಿಸುವ ಹಿರಿಯರು ನನ್ನನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದ್ದರು. ಆಮೇಲೆ ಅವರೇ ರುಚಿ ಹತ್ತಿದವರಂತೆ ಮತ್ತೆ ಮತ್ತೆ ಬಂದರು.

ಆಟ ಎಂದ ಮೇಲೆ ನಿಯಮ ಬೇಕಲ್ಲ. ಸೆಮಿನಾರ್ ನಡೆಸುವವಳು ನಾನಾದರೂ ಪ್ರಬಂಧವನ್ನು ಮೊದಲೇ ಓದುವಂತಿಲ್ಲ, ಮಕ್ಕಳ ಜೊತೆಗೇ ಕೇಳಬೇಕು. ಓದಿಕೊಂಡು ಬಂದರೆ ನನಗೆ ಗೊತ್ತಿಲ್ಲದಂತೆಯೇ ಅವರನ್ನು ನನ್ನ ದಾರಿಗೆ ಎಳೆದುಬಿಡುತ್ತೇನೆ. ಪ್ರಬಂಧದೊಳಗಿನ ಜನರ ಹೆಸರನ್ನು ಯಾರೂ ಕೇಳುವಂತಿಲ್ಲ. ಆದರೆ ಯಾರು ಬೇಕಾದರೂ ಎದ್ದು ನಿಂತು "ಇದು ನಿಮಗೆ ಹೇಗೆ ಗೊತ್ತು?" ಎಂದು ಕೇಳಬಹುದು. ಹಾಗೆ ಕೇಳಿದ ಮೇಲೆ ಅಧ್ಯಾಪಕರು ಉತ್ತರ ಹೇಳುವವರೆಗೂ ಕೂರುವಂತಿಲ್ಲ. ಪಾಪ ಅನ್ನಿಸಿದರೆ ನಾನು "ಸಾಕು" ಎನ್ನಬಹುದು. ಆ ಅಧಿಕಾರ ನನ್ನೊಬ್ಬಳಿಗೇ. ಅದನ್ನು ನಾನು ಬಳಸಿದ್ದು ತೀರಾ ಅಪರೂಪ.

ಆ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ಎರಡನೇ ಸಾಲಿನ ಕೊನೆಯಲ್ಲಿ ಕೂರುವ ಒಬ್ಬ ಸಣ್ಣ ಹುಡುಗಿ. ಏನು ಹೇಳಿದರೂ "ಆದ್ರೆ ಸರ್" ಎಂದೇ ಶುರುಮಾಡುತ್ತಿದ್ದುದರಿಂದ ಅವಳಿಗೆ ಗೆಳೆಯರು 'ಆದ್ರೆ' ಎಂದೇ ಹೆಸರಿಟ್ಟಿದ್ದರು. ವರ್ಷದ ಮೊದಲಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದವಳು ಅವಳು. ಈಗ ಅವಳು ಎದ್ದರೆ ಅಧ್ಯಾಪಕರು ನೀರು ಕುಡಿಯುತ್ತಿದ್ದರು. ನನಗೆ ಅವಳನ್ನು ಕಂಡರೆ ಒಳಗೊಳಗೇ ಜಂಬ.

ಆ ಶುಕ್ರವಾರ ಮಾತಾಡಬೇಕಿದ್ದವರು ಜ್ವರ ಬಂದು ಮಲಗಿದರು. "ನಾನೇ ಮಾತಾಡ್ತೀನಿ ಬಿಡು" ಎಂದರು ನನ್ನ ಗಂಡ. ಇವರೂ ಅದೇ ಕಾಲೇಜಿನಲ್ಲಿ ಕೌಟುಂಬಿಕ ವ್ಯಾಪಾರಗಳ ವಿಷಯ ಕಲಿಸುವವರು. ಮಕ್ಕಳಿಗೆ ಅಚ್ಚುಮೆಚ್ಚು. ತರಗತಿಯಲ್ಲಿ ನಗಿಸುತ್ತಾರೆ, ಯಾರ ಫೀಸು ಬಾಕಿ, ಯಾರ ತಾಯಿಗೆ ಹುಷಾರಿಲ್ಲ ಎಲ್ಲ ನೆನಪಿಟ್ಟುಕೊಂಡು ವಿಚಾರಿಸುತ್ತಾರೆ. ಮನೆಯಲ್ಲೂ ಹಾಗೇ. ನಾನು ಉತ್ತರಪತ್ರಿಕೆ ಹಿಡಿದು ಕೂತರೆ ಕೇಳದೆಯೇ ಚಹಾ ತಂದಿಡುವ ಮನುಷ್ಯ. "ಯಾವುದರ ಮೇಲೆ?" ಎಂದು ಕೇಳಿದ್ದಕ್ಕೆ, "ನಿನ್ನ ರೂಲು ನೀನೇ ಮುರೀತೀಯಾ ಮೇಡಂ?" ಎಂದು ಕಾಲೆಳೆದರು. ನಾನು ನಕ್ಕು ಸುಮ್ಮನಾದೆ.

ಪ್ರಬಂಧ ಒಂದು ಅಂಗಡಿಯ ಕಥೆ. ನಟ್ಟು, ಬೋಲ್ಟು, ಮೊಳೆ ಮಾರುವ ಹಳೆಯ ಅಂಗಡಿ. ಕಟ್ಟಿ ಬೆಳೆಸಿದ ಯಜಮಾನ, ಅವನ ಮಗ, ಬೇರೆ ಊರಿಗೆ ಮದುವೆಯಾಗಿ ಹೋದ ಮಗಳು. ಯಜಮಾನನಿಗೆ ವಯಸ್ಸಾದಾಗ ಅಂಗಡಿ ಯಾರ ಕೈಗೆ ಹೋಯಿತು, ಹೇಗೆ ಹೋಯಿತು ಎಂಬುದೇ ವಿಷಯ. ನಾನು ಬದಿಯ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದೆ. ಆಗ ಇವರು ಒಂದು ಸಾಲು ಓದಿದರು: "ಪ್ರತಿಯೊಂದು ಡಬ್ಬಿಯ ಮುಚ್ಚಳಕ್ಕೂ ಒಳಗಿರುವ ಮಾಲಿನ ಒಂದು ಮಾದರಿಯನ್ನು ಕಟ್ಟಿರುತ್ತಿದ್ದರು. ಓದಲು ಬಾರದ ಕೆಲಸಗಾರನೂ ಕೈಯಿಂದ ಮುಟ್ಟಿಯೇ ಮಾಲು ತೆಗೆಯಬಹುದಿತ್ತು. ಈ ಉಪಾಯ ಯಜಮಾನನದು."

ನಾನು ನೆಟ್ಟಗೆ ಕೂತೆ. ಅದು ಮೊಳೆಯ ಅಂಗಡಿಯಲ್ಲ. ಅದು ಗುಂಡಿಯ ಅಂಗಡಿ. ಗುಂಡಿ, ಹುಕ್ಕು, ಜಿಪ್ಪು, ಲೇಸು. ಊರಿನ ದರ್ಜಿಗಳೆಲ್ಲ ಬರುತ್ತಿದ್ದ ನಮ್ಮಪ್ಪನ ಅಂಗಡಿ. ಆ ಡಬ್ಬಿಗಳ ಮುಚ್ಚಳಕ್ಕೆ ಸೂಜಿದಾರ ಹಿಡಿದು ಒಂದೊಂದೇ ಗುಂಡಿ ಹೊಲಿದವಳು ನಾನು. ಉಪಾಯವೂ ಅಪ್ಪನದಲ್ಲ, ನನ್ನದು. ಆಗ ನಾನು ಇನ್ನೂ ಶಾಲೆಗೆ ಹೋಗುತ್ತಿದ್ದೆ.

ಮೊದಲು ಬಂದದ್ದು ಸಿಟ್ಟಲ್ಲ, ಒಂದು ಥರದ ನಾಚಿಕೆ. ನಮ್ಮ ಮನೆಯ ಒಗೆಯದ ಬಟ್ಟೆಯನ್ನು ಯಾರೋ ಬೀದಿಯಲ್ಲಿ ಹರವಿದ ಹಾಗೆ. ಒಂದು ಮಾತು ಹೇಳಬಾರದಿತ್ತೇ ಎಂದುಕೊಂಡೆ. ನಿಯಮ ನಾನೇ ಮಾಡಿದ್ದು, ಇವರು ಅದರ ಮರೆಯಲ್ಲಿ ನಿಂತಿದ್ದಾರೆ ಎಂಬುದು ಹೊಳೆದದ್ದು ಆಮೇಲೆ.

ಅಂಗಡಿಯ ವಿಷಯ ನನ್ನ ಮಟ್ಟಿಗೆ ಮಾಗದ ಗಾಯ. ಮದುವೆಗೆ ಮುಂಚೆ ಆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದವಳು ನಾನು. ಕಾಲೇಜಿನ ಕೆಲಸ ಹೊಟ್ಟೆಪಾಡಿಗೆ, ಮರ್ಯಾದೆಗೆ, ಮನಸ್ಸಿದ್ದದ್ದು ಅಲ್ಲಿ. "ಅಪ್ಪ ಒಂದು ಸಲ ಬಾ ಅಂದ್ರೆ ಸಾಕು, ಇದನ್ನೆಲ್ಲ ಬಿಟ್ಟು ಹೋಗ್ಬಿಡ್ತೀನಿ" ಎಂದು ಇವರ ಹತ್ತಿರ ಎಷ್ಟೋ ಸಲ ಹೇಳಿದ್ದೆ. ಅಪ್ಪ ಬಾ ಅನ್ನಲಿಲ್ಲ. ಒಂದು ದಿನ ಅಣ್ಣ ಫೋನು ಮಾಡಿ, "ಅಂಗಡಿ ನನ್ನ ಹೆಸರಿಗೆ ಮಾಡಿದ್ರು ಕಣೇ" ಎಂದ. ಅಷ್ಟೇ. ನನ್ನನ್ನು ಒಂದು ಮಾತು ಕೇಳಲೂ ಇಲ್ಲವಲ್ಲ ಎಂದು ನಾನು ಒಳಗೇ ಕುದಿದೆ. ಆಮೇಲೆ ಅಪ್ಪನ ಜೊತೆ ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ, "ಅಲ್ಲಿ ಖುಷಿಯಾಗಿದೀಯಾ ಮಗಳೇ, ಕಾಲೇಜಲ್ಲಿ?" ಎಂದು ಕೇಳಿದ್ದರು. "ಹೂಂ, ಖುಷಿಯಾಗೇ ಇದೀನಿ" ಎಂದಿದ್ದೆ, ಬೇಕೆಂದೇ ಗಟ್ಟಿಯಾಗಿ. ಅವರು ತಲೆಯಾಡಿಸಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು.

ಪರದೆಯ ಮೇಲೆ ಮುಂದಿನ ಪುಟ ಬಂತು. ಯಜಮಾನನ ಮಾತು ಎಂದು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರು: "ಮಗ ಒಳ್ಳೆಯವನು. ಆದರೆ ಗಿರಾಕಿಯ ಮುಖ ನೋಡಿಯೇ ಅವನಿಗೇನು ಬೇಕು ಅಂತ ಹೇಳೋದು ನನ್ನ ಮಗಳು. ಅವಳು ಬಂದರೇನೇ ಈ ಅಂಗಡಿ ಉಳಿಯೋದು."

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನನ್ನಪ್ಪ ನನ್ನ ಬಗ್ಗೆ ಆಡಿದ ಮಾತು, ನನಗೊಬ್ಬಳಿಗೇ ಸೇರಬೇಕಾಗಿದ್ದ ಮಾತು, ಒಂದು ತರಗತಿಯ ಮಕ್ಕಳಿಗೆಲ್ಲ ಸಿಕ್ಕ ಮೇಲೆ ನನಗೆ ಸಿಕ್ಕಿತು. ಅಷ್ಟು ವರ್ಷ ನಾನು ಕೈಲಾಗದವಳು ಎಂದು ಅಪ್ಪ ಅಂದುಕೊಂಡಿದ್ದಾರೆ ಎಂದೇ ನಂಬಿ ಬದುಕಿದ್ದೆ.

ಇವರು ಪರದೆಯ ಕಡೆ ನೋಡುತ್ತ ಓದುತ್ತಲೇ ಇದ್ದರು. "ಇಲ್ಲಿ ಒಂದು ತಿರುವು ಬರುತ್ತದೆ. ಯಜಮಾನರು ಒಬ್ಬ ಹಿತೈಷಿಯನ್ನು ಕರೆಸಿ, ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ಆ ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಒಳಗೆ ಏನು ನಡೆಯಿತೆಂದು ತನಗೆ ಇವತ್ತಿಗೂ ಗೊತ್ತಿಲ್ಲ ಎನ್ನುತ್ತಾರೆ ಮಗ. ಮಗಳಿಗೆ ವ್ಯಾಪಾರದಲ್ಲಿ ಆಸಕ್ತಿ ಉಳಿದಿಲ್ಲ ಎಂದು ಹಿತೈಷಿ ಮನವರಿಕೆ ಮಾಡಿಕೊಟ್ಟರು. ಯಜಮಾನರು ಮನಸ್ಸು ಬದಲಾಯಿಸಿದರು. ಕೌಟುಂಬಿಕ ವ್ಯಾಪಾರದಲ್ಲಿ ಹೊರಗಿನವರ ಒಂದು ಮಾತು ಎಷ್ಟು ತೂಗುತ್ತದೆ ಎಂಬುದಕ್ಕೆ ಇದು ಸಾಕ್ಷಿ."

ಯಾರದು ಆ ಹಿತೈಷಿ? ನಾನು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಅಪ್ಪನ ಆಡಿಟರ್ ಇರಬಹುದೇ? ಎದುರಿನ ಬಟ್ಟೆ ಅಂಗಡಿಯವರೇ? ನಿಜ ಹೇಳಬೇಕೆಂದರೆ, ಆ ನಿಮಿಷದಲ್ಲಿ ಆ ಹಿತೈಷಿಯ ಕೊರಳುಪಟ್ಟಿ ಹಿಡಿಯಲು ನನ್ನ ಕೈ ತುರಿಸುತ್ತಿತ್ತು.

ಪ್ರಶ್ನೆಗಳು ಶುರುವಾದವು. ಮುಂದಿನ ಸಾಲಿನ ಹುಡುಗನೊಬ್ಬ, "ಸರ್, ಮಗಳನ್ನು ಸಂದರ್ಶನ ಮಾಡಿದ್ರಾ?" ಎಂದ.

"ಇಲ್ಲ. ಅಗತ್ಯ ಕಾಣಲಿಲ್ಲ," ಎಂದರು ಇವರು. "ಮಗಳು ಓದಿದವಳು, ಒಳ್ಳೆ ಕೆಲಸದಲ್ಲಿದ್ದಳು. ಅಂಗಡಿ ಅಂದ್ರೆ ಅವಳಿಗೆ ಚಿಕ್ಕಂದಿನ ನೆನಪು, ಅಷ್ಟೇ. ನೆನಪಿಂದ ವ್ಯಾಪಾರ ನಡೆಯಲ್ವಲ್ಲಪ್ಪ."

ಮಕ್ಕಳು ನಕ್ಕರು. ಇವರೂ ನಕ್ಕರು. ನನ್ನ ಕಡೆ ಮಾತ್ರ ನೋಡಲಿಲ್ಲ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿ, ನನ್ನ ಅಂಗಡಿಯ ಹುಚ್ಚನ್ನು ಕೇಳಿ ತಲೆದೂಗಿ, ಒಳಗೆ ಇಷ್ಟೇ ಬೆಲೆ ಕಟ್ಟಿದ್ದರು.

ಆಗ 'ಆದ್ರೆ' ಎದ್ದಳು.

"ಆದ್ರೆ ಸರ್, ಯಾರ್ಯಾರನ್ನು ಮಾತಾಡಿಸಿದ್ದೀರಿ ಅಂತ ಎರಡನೇ ಪುಟದಲ್ಲಿದೆ. ಮಗ, ಲೆಕ್ಕ ಬರೆಯೋರು, ಇಬ್ಬರು ಹಳೆ ಕೆಲಸದವರು. ಅದೂ ಯಜಮಾನ್ರು ತೀರಿಕೊಂಡ ಮೇಲೆ."

"ಹೌದು."

"ಆ ಕೋಣೇಲಿ ಇದ್ದಿದ್ದು ಯಜಮಾನ್ರು, ಹಿತೈಷಿ ಇಬ್ಬರೇ ಅಂದ್ರಿ. ಮಗನಿಗೂ ಗೊತ್ತಿಲ್ಲ ಅಂದ್ರಿ. ಹಿತೈಷಿಯನ್ನ ನೀವು ಮಾತಾಡಿಸೇ ಇಲ್ಲ. ಆದ್ರೆ ಯಜಮಾನ್ರ ಮಾತನ್ನ ಅವರು ಆಡಿದ ಹಾಗೇ ಹಾಕಿದ್ದೀರಿ." ಅವಳು ಉಸಿರು ತೆಗೆದುಕೊಂಡಳು. "ಇದು ನಿಮಗೆ ಹೇಗೆ ಗೊತ್ತು ಸರ್?"

ಇವರು ಕನ್ನಡಕ ತೆಗೆದು ಒರೆಸಿದರು. "ನಂಬಬಹುದಾದ ಮೂಲದಿಂದ ಬಂದದ್ದಮ್ಮ."

"ಯಾವ ಮೂಲ ಸರ್?"

"ಹೆಸರು ಕೇಳೋ ಹಾಗಿಲ್ಲ. ಮೇಡಂ ರೂಲು."

"ಹೆಸರು ಕೇಳ್ತಿಲ್ಲ ಸರ್. ಹೇಗೆ ಗೊತ್ತು ಅಂತ ಕೇಳ್ತಿದೀನಿ. ಸತ್ತವರು ಬಂದು ಹೇಳಲ್ಲ. ಉಳಿದವರು ಒಬ್ಬರೇ."

ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು. ಅವಳು ಹಾಕಿದ ಲೆಕ್ಕವನ್ನು ನಾನೂ ಅವಳ ಜೊತೆಜೊತೆಗೇ ಹಾಕುತ್ತಿದ್ದೆ, ಮತ್ತು ನನಗೆ ಅವಳಿಗಿಂತ ಒಂದು ಸಂಗತಿ ಹೆಚ್ಚಿಗೆ ಗೊತ್ತಿತ್ತು. ಅಪ್ಪ ಅಂಗಡಿ ಅಣ್ಣನಿಗೆ ಕೊಡುವ ಸ್ವಲ್ಪ ದಿನ ಮುಂಚೆ ಇವರು ಯಾವುದೋ ಸಮ್ಮೇಳನಕ್ಕೆಂದು ಆ ಊರಿಗೆ ಹೋಗಿದ್ದರು. ಬಂದ ಮೇಲೆ, "ಮಾವನ್ನ ನೋಡ್ಕೊಂಡು ಬಂದೆ, ಚೆನ್ನಾಗಿದಾರೆ" ಎಂದಿದ್ದರು.

ಇವರು ನನ್ನ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತು. ನೆಂಟರ ಮನೆಯಲ್ಲಿ ಬೇಜಾರಾದಾಗ ಎಲ್ಲರ ತಲೆಯ ಮೇಲಿಂದ ನನ್ನನ್ನು ಹುಡುಕಿ, ಏಳೋಣವಾ ಎಂದು ಕೇಳುವ ನೋಟ. ಪ್ರತಿ ಸಲವೂ ನಾನೇ ಏನೋ ನೆಪ ಹೇಳಿ ಇವರನ್ನು ಬಿಡಿಸಿಕೊಂಡು ಬಂದಿದ್ದೇನೆ. ಈಗಲೂ "ಸಾಕು" ಎಂಬ ಒಂದು ಮಾತಿನ ಕೆಲಸ.

"ಪ್ರಶ್ನೆ ಸರಿಯಾಗಿದೆ," ಎಂದೆ. "ಉತ್ತರ ಹೇಳಿ ಸರ್."

ಇವರು ಮೇಜಿನ ಅಂಚು ಹಿಡಿದುಕೊಂಡರು. "ಆ ಕೋಣೇಲಿ ನಾನಿದ್ದೆ," ಎಂದರು.

ಹೋ ಎಂದು ಕೂಗೆದ್ದಿತು. ಮಕ್ಕಳು ಮೇಜು ಬಡಿದರು, ಚಪ್ಪಾಳೆ ತಟ್ಟಿದರು. "ಸರ್ ಸಿಕ್ಕಿಬಿದ್ರು!" ಎಂದು ಹಿಂದಿನಿಂದ ಯಾರೋ ಕಿರುಚಿದರು. ಅವರ ತಪ್ಪಿಲ್ಲ. ಸಂಶೋಧಕನೇ ಒಳಗೆ ಕೈಯಾಡಿಸಿ ಹೊರಗೆ ಸಾಕ್ಷಿ ಹೇಳಿದ್ದನ್ನು ತಾವಾಗಿಯೇ ಪತ್ತೆ ಮಾಡಿದ್ದರು. ಇಂಥ ದಿನಕ್ಕಾಗಿಯೇ ನಾನು ವರ್ಷವಿಡೀ ಬೆವರು ಸುರಿಸಿದ್ದೆ.

'ಆದ್ರೆ' ಇನ್ನೂ ಕೂತಿರಲಿಲ್ಲ. "ಆದ್ರೆ ಸರ್, ಮಗಳು ಅಂಗಡಿಗೆ ಹೋಗಿಬಿಟ್ಟಿದ್ರೆ ಹಿತೈಷಿಗೆ ಏನಾದ್ರೂ ನಷ್ಟ ಇತ್ತಾ?"

ಇವರು ಮತ್ತೆ ನನ್ನ ಕಡೆ ತಿರುಗಿದರು.

"ಸಾಕು," ಎಂದೆ. ಇವರ ಮೇಲಿನ ಕರುಣೆಗಲ್ಲ. ಆ ಉತ್ತರವನ್ನು ಎಲ್ಲರ ಎದುರಿಗೆ ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಮಕ್ಕಳು ಗದ್ದಲ ಮಾಡುತ್ತ ಹೊರಟರು. 'ಆದ್ರೆ' ಮಾತ್ರ ಬ್ಯಾಗು ಹೆಗಲಿಗೇರಿಸಿ ನನ್ನ ಹತ್ತಿರ ಬಂದಳು. "ಮೇಡಂ, ಜಾಸ್ತಿ ಆಯ್ತಾ? ಸರ್‌ಗೆ ಬೇಜಾರಾಯ್ತೇನೋ."

"ಇಲ್ಲಮ್ಮ. ನಾನು ಹೇಳಿಕೊಟ್ಟಿದ್ದನ್ನೇ ಮಾಡಿದೀಯ," ಎಂದೆ. ಅವಳು ಮುಖ ಅರಳಿಸಿಕೊಂಡು ಹೋದಳು. ಅವಳ ಬೆನ್ನು ತಟ್ಟಬೇಕಿತ್ತು. ಕೈ ಏಳಲಿಲ್ಲ.

ಬಾಗಿಲು ಹಾಕಿಕೊಂಡು ಬಂದವರು ಇವರೇ. "ನೋಡು, ಮನೆಗೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡಿ."

"ನಿನಗೆ ಬೇಜಾರಾಗುತ್ತೆ ಅಂತ ಗೊತ್ತಿದ್ರೆ ಇದನ್ನ ತರ್ತಾನೇ ಇರಲಿಲ್ಲ. ಅಪ್ಪನ ಕಥೆ ಬಂತು ಅಂತ ಖುಷಿ ಪಡ್ತೀಯ ಅಂದ್ಕೊಂಡೆ. ಹಿತೈಷಿ ಅಂದ್ರೆ ಆಡಿಟರ್ ಅಂದ್ಕೋತೀಯ ಅಂತ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಎಂಥ ಮಾತು ಬಾಯಿಂದ ಬಂತೆಂದು ಅವರಿಗೂ ಗೊತ್ತಾಗಿರಬೇಕು.

"ಅಪ್ಪ ನನ್ನ ಕರೀಬೇಕು ಅಂತಿದ್ರು. ನೀವು ಬೇಡ ಅಂದ್ರಿ."

"ಬೇಡ ಅನ್ನಲಿಲ್ಲ ಕಣೇ. ಅವರು ಕೇಳಿದ್ರು, ಅವಳು ಬರ್ತಾಳಾ ಅಂತ. ಪಾಠ ಮಾಡೋದ್ರಲ್ಲಿ ಮುಳುಗಿಹೋಗಿದಾಳೆ ಮಾವ, ಈಗ ಆಸಕ್ತಿ ಇದ್ದ ಹಾಗೆ ಕಾಣಲ್ಲ ಅಂದೆ. ನನಗೆ ಅನ್ನಿಸಿದ್ದು ಹೇಳಿದೆ. ಅಷ್ಟೇ ಹೇಳಿದ್ದು."

"ಎಷ್ಟು ಸಲ ನಿಮ್ಮ ಮುಂದೆ ಹೇಳಿದ್ದೆ, ಕರೆದ್ರೆ ಹೋಗ್ತೀನಿ ಅಂತ?"

"ಅದಕ್ಕೇ ಹೆದರಿದ್ದು," ಎಂದರು ಇವರು. ಮೊದಲ ಸಲ ದನಿ ಏರಿತು. "ನೀನು ಹೋಗೇಬಿಡ್ತಿದ್ದೆ. ಆಮೇಲೆ ನಾನು? ಈ ಕೆಲಸ ಬಿಟ್ಟು ಗುಂಡಿ ಎಣಿಸಬೇಕಿತ್ತಾ ಅಲ್ಲಿ ಬಂದು? ಇಲ್ಲಾ ನೀನೊಂದು ಊರು, ನಾನೊಂದು ಊರಾ? ನಮ್ಮ ಸಂಸಾರ ಉಳೀಲಿ ಅಂತ ಮಾಡ್ದೆ."

ಹೆದರಿದ್ದರೆ ನನ್ನ ಹತ್ತಿರ ಹೇಳಬಹುದಿತ್ತು. ಜಗಳವಾಡಬಹುದಿತ್ತು, ಹೋಗಬೇಡ ಎಂದು ಕೈ ಹಿಡಿಯಬಹುದಿತ್ತು. ಬಹುಶಃ ನಾನೇ ಸೋತು ಉಳಿದುಕೊಳ್ಳುತ್ತಿದ್ದೆ. ಆದರೆ ಇವರು ನನ್ನ ಬೆನ್ನ ಹಿಂದೆ ಹೋಗಿ ಕೆಲಸ ಮುಗಿಸಿ ಬಂದು, ಅಪ್ಪನ ಮೇಲೆ ಮುನಿಸಿಕೊಂಡು ನಾನು ಅತ್ತಾಗಲೆಲ್ಲ ತಲೆ ಸವರಿದ್ದರು. "ಹೋಗ್ಲಿ ಬಿಡು, ವಯಸ್ಸಾದವರು, ಹೆಣ್ಮಗಳು ಅಂತ ಯೋಚಿಸಿರ್ತಾರೆ" ಎಂದು ಸಮಾಧಾನ ಹೇಳಿದ್ದೂ ಈ ಬಾಯಿಯೇ. ಆ ಸಮಾಧಾನವೇ ಈಗ ಎಲ್ಲಕ್ಕಿಂತ ಹೆಚ್ಚು ಉರಿಸಿತು.

ನಾನು ಫೋನು ತೆಗೆದು ಅಣ್ಣನ ಅಂಗಡಿಗೆ ಮಾಡಿದೆ. "ಈಗ ಯಾಕೆ ಅವನಿಗೆ? ಅವನ ನೆಮ್ಮದಿ ಯಾಕೆ ಹಾಳ್ಮಾಡ್ತೀಯ?" ಎಂದು ಇವರು ಕೈ ಚಾಚಿದರು. ನಾನು ಕಿಟಕಿಯ ಕಡೆ ಸರಿದೆ. ಇವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಏನೇ, ಇಷ್ಟೊತ್ತಲ್ಲಿ? ಕ್ಲಾಸಿಲ್ವಾ?" ಎಂದ ಅಣ್ಣ. ಹಿಂದೆ ಡಬ್ಬಿ ಇಡುವ, ತೆಗೆಯುವ ಸದ್ದು.

"ಅಣ್ಣ, ಅಪ್ಪ ಅಂಗಡಿ ನಿನಗೆ ಕೊಡೋ ಮುಂಚೆ ಇವರು ಅಲ್ಲಿಗೆ ಬಂದಿದ್ರಾ?"

"ಬಂದಿದ್ರಲ್ಲ. ನಿಮ್ಮನೆಯವರು, ಅಪ್ಪ ಇಬ್ಬರೂ ಒಳಗೆ ಕೂತು ಮಾತಾಡಿದ್ರು. ಮೊನ್ನೆ ಏನೋ ಬರೀತೀನಿ ಅಂತ ಬಂದಾಗ್ಲೂ ಅದನ್ನೇ ಕೇಳಿದ್ರು. ಒಳಗೆ ಏನು ಮಾತಾಡಿದ್ರೋ ನಂಗೊತ್ತಿಲ್ಲ ಅಂದೆ. ನಿಂಗೆ ಗೊತ್ತೇ ಇದೆಯಲ್ಲ."

"ಆವತ್ತು ಅಪ್ಪ ಹೊರಗೆ ಬಂದು ಏನಂದ್ರು?"

"ಹಳೇದೆಲ್ಲ ಯಾಕೆ ಈಗ? ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಕಣೇ."

"ಹೇಳಣ್ಣ."

"ಅವಳಿಗೆ ಬೇಡವಂತೆ ಕಣೋ, ಗಂಡನ ಕೈಲಿ ಹೇಳಿ ಕಳ್ಸಿದಾಳೆ ಅಂದ್ರು. 'ನನ್ನನ್ನ ಕರೀಬೇಡಿ ಅಂತ ಅಪ್ಪಂಗೆ ಹೇಳಿ, ನನಗೇ ಹೇಳೋಕೆ ಕಷ್ಟ ಆಗುತ್ತೆ' ಅಂತ ನೀನು ಅಂದೆಯಂತಲ್ಲ. ಅಪ್ಪ ಆವತ್ತು ಊಟ ಮಾಡಲಿಲ್ಲ. ಅಂಗಡಿ ಬೇಡ ಅಂದಿದ್ದಕ್ಕಲ್ಲ. ನನ್ನ ಹತ್ರ ನೇರವಾಗಿ ಹೇಳೋಕೆ ಅವಳಿಗೆ ಏನಾಗಿತ್ತು, ನಾನೇನು ಬೇರೆಯವನಾ ಅಂತ ಅದೊಂದೇ ಹೇಳ್ತಿದ್ರು. ಕೊನೇವರೆಗೂ ಹೇಳಿದ್ರು."

ನಾನು ತಿರುಗಿ ನೋಡಿದೆ. ಇವರು ಲ್ಯಾಪ್‌ಟಾಪಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿ ನಿಂತಿದ್ದರು. ಅನ್ನಿಸಿದ್ದು ಹೇಳಿದೆ, ಅಷ್ಟೇ ಹೇಳಿದ್ದು ಎಂದು ಈಗಷ್ಟೇ ನನ್ನ ಮುಂದೆ ನಿಂತು ಹೇಳಿದ ಮನುಷ್ಯ. ನನ್ನ ಬಾಯಿಂದ ಬಾರದ ಮಾತನ್ನು ನನ್ನದೆಂದು ಅಪ್ಪನಿಗೆ ಕೊಟ್ಟು ಬಂದಿದ್ದರು. ಅಪ್ಪ ನನ್ನನ್ನು ಕೇಳಲಿಲ್ಲವೆಂದು ನಾನಿಲ್ಲಿ ಮುನಿಸಿಕೊಂಡು ಕೂತಿದ್ದಾಗ, ಮಗಳು ಬಂದು ಹೇಳಲಿಲ್ಲವೆಂದು ಅಪ್ಪ ಅಲ್ಲಿ ಕೊರಗುತ್ತಿದ್ದರು. ಹಾಗೆಯೇ ಸತ್ತರು.

"ಯಾಕೆ?" ಎಂದ ಅಣ್ಣ. ಅವನ ದನಿ ಸಣ್ಣಗಾಗಿತ್ತು. "ನೀನು ಹೇಳಿ ಕಳ್ಸಿದ್ದೆ ತಾನೇ?"

"ಇಲ್ಲ ಅಣ್ಣ. ನಾನು ಏನೂ ಹೇಳಿ ಕಳಿಸಿರಲಿಲ್ಲ. ಅಪ್ಪ ಕರೀಲಿ ಅಂತ ಕಾಯ್ತಾ ಇದ್ದೆ."

ಆ ಕಡೆ ಒಬ್ಬ ಗಿರಾಕಿ ಬಿಳಿ ಗುಂಡಿ ಇದೆಯಾ ಎಂದು ಕೇಳಿದ. ಮತ್ತೊಮ್ಮೆ ಗಟ್ಟಿಯಾಗಿ ಕೇಳಿದ.